ಕಾವಲು ಮತ್ತು ಕಣ್ಗಾವಲು: ಬ್ರೌಸರ್ ಪ್ಲಗಿನ್‌ಗಳ ಇತಿಹಾಸದಿಂದ ಒಂದು ಪಾಠ

ಪರರ ಗುಟ್ಟನ್ನು ಕಾಯುವುದು ಎಲ್ಲ ಕಾಲದಲ್ಲಿಯೂ ಸಜ್ಜನಿಕೆಯ ಲಕ್ಷಣವೆನಿಸಿದೆ. ಅಂಗಡಿಯ ಗುಮಾಸ್ತನಿಗೆ ಯಜಮಾನನ ಲೇವಾದೇವಿಗಳೆಲ್ಲ ಗೊತ್ತಿರುತ್ತವೆ. ಕುಟುಂಬದ ವೈದ್ಯನಿಗೆ ಮನೆಮಂದಿಯ ರೋಗರುಜಿನಗಳು ತಿಳಿದಿರುತ್ತವೆ. ಅವರು ಹಾಗೆ ತಿಳಿದಿರುವುದು ದೋಷವಲ್ಲ. ತಿಳಿದುದನ್ನು ಬೇರೆಯವರಿಗೆ ಮಾರುವುದು ದೋಷ. ಗಣಕಯಂತ್ರಗಳ ಈ ಯುಗದಲ್ಲಿ ಆ ಹಳೆಯ ವಿವೇಕವು ಹೇಗೆ ಪರೀಕ್ಷೆಗೆ ಒಳಗಾಯಿತೆಂಬುದನ್ನು ಬ್ರೌಸರ್ ಪ್ಲಗಿನ್‌ಗಳ ಇತಿಹಾಸವು ತೋರಿಸಿಕೊಡುತ್ತದೆ.

ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಅದಕ್ಕೆ ಹೊರಗಿನಿಂದ ಜೋಡಿಸಿಕೊಳ್ಳುವ ಚಿಕ್ಕ ತಂತ್ರಾಂಶವೇ ಪ್ಲಗಿನ್. ಇಂದು ಬಳಕೆಯಲ್ಲಿರುವ ಬಗೆಯನ್ನು ತಜ್ಞರು ಎಕ್ಸ್‌ಟೆನ್ಷನ್ ಎಂದು ಬೇರೆಯಾಗಿ ಕರೆದರೂ ಜನರ ಮಾತಿನಲ್ಲಿ ಎರಡೂ ಪ್ಲಗಿನ್‌ಗಳೇ ಆಗಿವೆ.

1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಎಂಬ ತಂತ್ರಜ್ಞರು ಕುಕಿ ಎಂಬ ಗುರುತುಚೀಟಿಯನ್ನು ರೂಪಿಸಿದರು. ಒಮ್ಮೆ ಬಂದ ಗಿರಾಕಿಯನ್ನು ಜಾಲತಾಣವು ನೆನಪಿಟ್ಟುಕೊಳ್ಳಲಿ ಎಂಬುದಷ್ಟೇ ಅದರ ಉದ್ದೇಶವಾಗಿತ್ತು. ಆದರೆ ಜಾಹೀರಾತು ಸಂಸ್ಥೆಗಳು ಅದೇ ಚೀಟಿಯ ನೆರವಿನಿಂದ ಒಬ್ಬನೇ ವ್ಯಕ್ತಿಯ ಜಾಡನ್ನು ತಾಣದಿಂದ ತಾಣಕ್ಕೆ ಹಿಡಿಯತೊಡಗಿದವು. ಚಲಿಸುವ ಚಿತ್ರಗಳನ್ನು ತೋರಿಸಲು ಬಂದ ಫ್ಲ್ಯಾಶ್ ಪ್ಲಗಿನ್ ಈ ಕೆಲಸಕ್ಕೆ ಇನ್ನಷ್ಟು ಇಂಬುಕೊಟ್ಟಿತು. ಬಳಕೆದಾರನು ಕುಕಿಗಳನ್ನು ಅಳಿಸಿದರೂ ಫ್ಲ್ಯಾಶ್‌ನ ಉಗ್ರಾಣದಲ್ಲಿ ಅಡಗಿದ್ದ ಪ್ರತಿಯಿಂದ ಅವು ಮರುಹುಟ್ಟು ಪಡೆಯುತ್ತಿದ್ದುದನ್ನು 2009ರಲ್ಲಿ ಬರ್ಕ್ಲಿಯ ಸಂಶೋಧಕರು ಬಯಲಿಗೆ ತಂದರು.

ಮರುವರ್ಷ, ಅಂದರೆ 2010ರಲ್ಲಿ, ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಇನ್ನೊಂದು ಸಂಗತಿಯನ್ನು ತೋರಿಸಿತು. ಅದು ಪರೀಕ್ಷಿಸಿದ ಬ್ರೌಸರ್‌ಗಳಲ್ಲಿ ಶೇಕಡಾ 83.6ರಷ್ಟನ್ನು ಯಾವ ಕುಕಿಯೂ ಇಲ್ಲದೆ ಬೇರೆಯಾಗಿ ಗುರುತಿಸಲು ಸಾಧ್ಯವಾಯಿತು. ಫ್ಲ್ಯಾಶ್ ಅಥವಾ ಜಾವಾ ಪ್ಲಗಿನ್ ಇದ್ದ ಬ್ರೌಸರ್‌ಗಳಲ್ಲಿ ಈ ಪ್ರಮಾಣ ಶೇಕಡಾ 94.2 ಆಗಿತ್ತು. ಜೋಡಿಸಿಕೊಂಡ ಪ್ಲಗಿನ್‌ಗಳ ಪಟ್ಟಿಯೂ ಅಕ್ಷರವಿನ್ಯಾಸಗಳ ಪಟ್ಟಿಯೂ ಬೆರಳಚ್ಚಿನಂತೆ ಸಾಕ್ಷಿ ನುಡಿಯುತ್ತಿದ್ದವು. ಮೈಮೇಲೆ ವಿಶೇಷ ಒಡವೆಗಳು ಹೆಚ್ಚಿದಷ್ಟೂ ಜಾತ್ರೆಯಲ್ಲಿ ಒಬ್ಬನನ್ನು ಗುರುತಿಸುವುದು ಸುಲಭವಲ್ಲವೆ!

ಈ ಹಾವಳಿಗೆ ಪ್ರತಿಯಾಗಿ ರಕ್ಷಕ ಪ್ಲಗಿನ್‌ಗಳು ಹುಟ್ಟಿದವು. 2006ರಲ್ಲಿ ವ್ಲಾದಿಮಿರ್ ಪಲಾಂಟ್ ಅವರ ಆಡ್‌ಬ್ಲಾಕ್ ಪ್ಲಸ್, 2009ರಲ್ಲಿ ಗೋಸ್ಟರಿ, 2014ರಲ್ಲಿ ಪ್ರೈವೆಸಿ ಬ್ಯಾಡ್ಜರ್ ಇವು ಅವುಗಳಲ್ಲಿ ಪ್ರಮುಖವಾದವು. ಜಾಡು ಹಿಡಿಯುವ ಸಂಸ್ಥೆಗಳ ಕಡೆಗೆ ಬ್ರೌಸರ್ ಕಳುಹಿಸುವ ಕೋರಿಕೆಗಳನ್ನು ಇವು ದಾರಿಯಲ್ಲಿಯೇ ತಡೆಯುತ್ತವೆ. ಇವುಗಳಿಂದಾದ ಉಪಕಾರ ನಿಜವಾದುದು. ಆದರೆ ತಡೆಯಬೇಕಾದುದನ್ನು ತಡೆಯಲು ತೆರೆದ ಪುಟಗಳನ್ನೆಲ್ಲ ನೋಡುವ ಅನುಮತಿ ಇವುಗಳಿಗೆ ಬೇಕು. ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಚಿಹ್ನೆಯು ಮಾಹಿತಿಯನ್ನು ದಾರಿಗಳ್ಳರಿಂದ ಕಾಪಾಡುತ್ತದೆಯೇ ಹೊರತು, ಮನೆಯೊಳಗೇ ನಿಂತಿರುವ ಕಾವಲುಗಾರನಿಂದ ಕಾಪಾಡಲಾರದು.

ಈ ಅಪಾಯ ಬರಿಯ ಊಹೆಯಾಗಿ ಉಳಿಯಲಿಲ್ಲ. ಯಾವ ತಾಣ ನಂಬಲರ್ಹವೆಂದು ತಿಳಿಸುತ್ತಿದ್ದ ವೆಬ್ ಆಫ್ ಟ್ರಸ್ಟ್ ಎಂಬ ಪ್ಲಗಿನ್, ಬಳಕೆದಾರರ ಸಂಚಾರದ ವಿವರಗಳನ್ನು ಹೊರಗಿನವರಿಗೆ ಒದಗಿಸುತ್ತಿದ್ದುದನ್ನು 2016ರಲ್ಲಿ ಜರ್ಮನಿಯ ಎನ್‌ಡಿಆರ್ ಪ್ರಸಾರ ಸಂಸ್ಥೆ ಪ್ರಕಟಿಸಿತು.

ಇದಕ್ಕಿಂತ ದೊಡ್ಡದು ಅವಾಸ್ಟ್ ಪ್ರಕರಣ. ಜೆಕ್ ದೇಶದ ಪ್ರಾಗ್ ನಗರದ ಈ ಸಂಸ್ಥೆ ವೈರಸ್‌ಗಳಿಂದ ಗಣಕಯಂತ್ರಗಳನ್ನು ಕಾಯುವುದರಲ್ಲಿ ಹೆಸರಾದುದು. ಜಾಡು ಹಿಡಿಯುವ ಕುಕಿಗಳನ್ನು ತಡೆಯುವುದಾಗಿಯೂ ಅದು ಜಾಹೀರು ಮಾಡಿತ್ತು. 2019ರ ಅಕ್ಟೋಬರ್‌ನಲ್ಲಿ, ಮೇಲೆ ಹೆಸರಿಸಿದ ಪಲಾಂಟ್ ಅವರೇ ಅದರ ಪ್ಲಗಿನ್‌ಗಳನ್ನು ಪರೀಕ್ಷಿಸಿ, ರಕ್ಷಣೆಯ ಕೆಲಸಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚಿನ ಮಾಹಿತಿ ಹೊರಗೆ ಹೋಗುತ್ತಿದೆಯೆಂದು ತೋರಿಸಿಕೊಟ್ಟರು. ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಆ ಮಾಹಿತಿ ಮಾರಾಟವಾಗುತ್ತಿತ್ತು. ಪತ್ರಿಕೆಗಳ ತನಿಖಾ ವರದಿಗಳು ಹೊರಬಿದ್ದ ಮೇಲೆ, 2020ರ ಜನವರಿಯಲ್ಲಿ ಅವಾಸ್ಟ್ ಆ ಅಂಗಸಂಸ್ಥೆಯನ್ನು ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1 ಕೋಟಿ 65 ಲಕ್ಷ ಡಾಲರ್‌ಗಳ ದಂಡವನ್ನು ಗೊತ್ತುಪಡಿಸಿ, ಇಂಥ ಮಾಹಿತಿಯನ್ನು ಜಾಹೀರಾತಿಗಾಗಿ ಮಾರದಂತೆ ನಿಷೇಧಿಸಿತು.

ಹೆಸರನ್ನು ತೆಗೆದುಹಾಕಿ ಮಾರಲಾಗುತ್ತಿತ್ತೆಂಬ ಸಮಜಾಯಿಷಿ ಇಲ್ಲಿ ನಿಲ್ಲಲಿಲ್ಲ. ಪ್ರತಿಯೊಂದು ಯಂತ್ರಕ್ಕೂ ಬದಲಾಗದ ಒಂದು ಸಂಖ್ಯೆ ಅಂಟಿಕೊಂಡಿತ್ತು. ಒಬ್ಬನು ನೋಡಿದ ರೋಗದ ಪುಟ, ಸಾಲದ ಪುಟ, ಧರ್ಮದ ಪುಟ, ತನ್ನ ಊರಿನ ದಾರಿ ಇವನ್ನೆಲ್ಲ ಆ ಸಂಖ್ಯೆಯ ಕೆಳಗೆ ಸಾಲಾಗಿ ಬರೆದಿಟ್ಟರೆ, ಹೆಸರು ತಾನಾಗಿಯೇ ಮೂಡಿಬರುತ್ತದೆ. ಹೆಸರಿಲ್ಲದ ಖಾತೆಯ ಪುಟವನ್ನು ಓದಿಯೇ ಅದು ಯಾವ ಗಿರಾಕಿಯದೆಂದು ಹೇಳಬಲ್ಲ ವರ್ತಕನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಪ್ಲಗಿನ್‌ಗಳೆಲ್ಲ ವಂಚಕವೆನ್ನುವುದು ಅನ್ಯಾಯವಾದೀತು. ರೇಮಂಡ್ ಹಿಲ್ ಅವರು 2014ರಿಂದ ನಡೆಸಿಕೊಂಡು ಬಂದ ಯುಬ್ಲಾಕ್ ಒರಿಜಿನ್ ಪ್ಲಗಿನ್‌ಗೆ ಬೆಲೆಯಿಲ್ಲ. ಅದಕ್ಕಾಗಿ ಅವರು ದೇಣಿಗೆಯನ್ನೂ ಸ್ವೀಕರಿಸುವುದಿಲ್ಲ. ಅದರ ಮೂಲಬರಹವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಆದರೆ ಒಳ್ಳೆಯ ಪ್ಲಗಿನ್ ಕೂಡ ಕೈ ಬದಲಾಗಬಹುದು. ದಿ ಗ್ರೇಟ್ ಸಸ್ಪೆಂಡರ್ ಎಂಬ ಜನಪ್ರಿಯ ಪ್ಲಗಿನ್ 2020ರಲ್ಲಿ ಹೊಸ ಒಡೆಯರ ಪಾಲಾಯಿತು. ಅದರಲ್ಲಿ ಕೇಡಿನ ಅಂಶವಿದೆಯೆಂಬ ಕಾರಣದಿಂದ 2021ರಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಮೊದಲ ಒಡೆಯನನ್ನು ನಂಬಿ ಕೊಟ್ಟ ಬೀಗದ ಕೈ ಸದ್ದಿಲ್ಲದೆ ಎರಡನೆಯವನಿಗೆ ಸೇರಿತ್ತು.

ನಮ್ಮ ದೇಶದಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಅಂಗೀಕಾರವಾಯಿತು. ಆದರೆ ಅನುಮತಿಯ ಗುಂಡಿಯನ್ನು ಓದದೆ ಒತ್ತುವ ಕೈಯನ್ನು ಯಾವ ಕಾಯಿದೆಯೂ ಹಿಡಿದು ನಿಲ್ಲಿಸಲಾರದು. ಆದುದರಿಂದ ಪ್ಲಗಿನ್‌ಗಳು ಕೆಲವೇ ಇರಲಿ. ಬಳಸದವುಗಳನ್ನು ತೆಗೆದುಹಾಕುವುದು ಲೇಸು. ಹೊಸದೊಂದನ್ನು ಜೋಡಿಸುವ ಮುನ್ನ ಅದು ಏನನ್ನು ನೋಡಬಯಸುತ್ತದೆ, ಅದರ ಒಡೆಯರು ಯಾರು, ಅವರ ಖರ್ಚು ಎಲ್ಲಿಂದ ಹುಟ್ಟುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬೆಲೆಯಿಲ್ಲದ ಸರಕಿಗೂ ಎಲ್ಲೋ ಒಂದೆಡೆ ಜಮಾಖರ್ಚು ಇದ್ದೇ ಇರುತ್ತದೆ. ಆ ಲೆಕ್ಕದಲ್ಲಿ ಸರಕಾಗಿ ನಿಂತಿರುವವರು ತಾವೇ ಅಲ್ಲವೆಂಬುದನ್ನು ಓದುಗರು ಖಚಿತಪಡಿಸಿಕೊಳ್ಳುವುದು ಉಚಿತ. ಪರರ ಗುಟ್ಟು ಕೈಸೇರಿದ ವರ್ತಕನಾದರೋ, ಅದನ್ನು ಲಾಭದ ಕಲಮಿನಲ್ಲಿ ಬರೆಯದಿರುವುದೇ ಅವನ ವ್ಯಾಪಾರದ ಮರ್ಯಾದೆ.