ಸಂಜೆ ಕಾಲೇಜಿನಿಂದ ನಾಗರಭಾವಿಗೆ

ಪಿಯುಸಿ ಮುಗಿಸಿ ಸೀದಾ ಲಾ ಸೇರಿದವರನ್ನು ನಮ್ಮ ಮನೆಗಳ ಹಿರಿಯರು ಒಂದು ಪ್ರಶ್ನೆ ಕೇಳೇ ಕೇಳ್ತಾರೆ: "ಅಲ್ಲಮ್ಮಾ, ಡಿಗ್ರಿ ಮಾಡ್ಕೊಳ್ದೇ ಲಾ ಹೆಂಗೆ ಸೇರ್ಕೊಂಡೆ?" ನನ್ನ ಚಿಕ್ಕಪ್ಪನ ಮಗಳಿಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿಹೋಗಿದೆ. ಆದರೆ ಕೇಳುವವರ ತಪ್ಪೇನೂ ಇಲ್ಲ. ಅವರ ಕಾಲದಲ್ಲಿ ಲಾ ಅನ್ನೋದು ಬಿ.ಎ., ಬಿ.ಕಾಂ. ಆದ ಮೇಲೆ ಓದುವಂಥದ್ದು. ಹಗಲು ಎಲ್ಲೋ ಒಂದು ಆಫೀಸಿನಲ್ಲಿ ಕೆಲಸ, ಬೆಳಿಗ್ಗೆಯೋ ಸಂಜೆಯೋ ಎರಡು ಗಂಟೆ ಕ್ಲಾಸು. ಹದಿನೇಳು ಹದಿನೆಂಟು ವರ್ಷದ ಮಕ್ಕಳು ಐದು ವರ್ಷ ಕೂತು ಕಾನೂನನ್ನೇ ಓದುವುದು ನಮ್ಮ ದೇಶಕ್ಕೆ ಸಾಕಷ್ಟು ಹೊಸದು. ಅದಕ್ಕೆ ಗಟ್ಟಿಯಾದ ಮಾದರಿ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಆ ಕಥೆಯಲ್ಲಿ ಒಂದು ಬಾಗಿಲು ತೆರೆದದ್ದೂ ಇದೆ, ಇನ್ನೊಂದು ಕಿರಿದಾದದ್ದೂ ಇದೆ.

ಸ್ವಲ್ಪ ಹಿಂದಿನಿಂದ ಶುರು ಮಾಡ್ತೀನಿ. ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ಕೋರ್ಟು ತೆರೆದಾಗ ಅದಕ್ಕೊಂದು ವಿಚಿತ್ರ ತೊಂದರೆ ಇತ್ತು. ತೀರ್ಪು ಕೊಡಬೇಕಾದ ಇಂಗ್ಲಿಷ್ ಸಾಹೇಬರಿಗೆ ಧರ್ಮಶಾಸ್ತ್ರವೂ ಗೊತ್ತಿಲ್ಲ, ಷರಿಯತ್ತೂ ಗೊತ್ತಿಲ್ಲ. ಆಸ್ತಿ, ಮದುವೆ, ದತ್ತು ಇಂಥ ವಿಷಯ ಬಂದಾಗ ಪಕ್ಕದಲ್ಲಿ ಒಬ್ಬ ಪಂಡಿತರನ್ನೋ ಮೌಲ್ವಿಯನ್ನೋ ಕೂರಿಸಿಕೊಂಡು "ಇದಕ್ಕೆ ನಿಮ್ಮ ಶಾಸ್ತ್ರ ಏನು ಹೇಳುತ್ತೆ?" ಅಂತ ಕೇಳಬೇಕಿತ್ತು. ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಶುರುವಾದ ಕಲ್ಕತ್ತಾ ಮದ್ರಸಾ, 1791ರಲ್ಲಿ ಜೊನಾಥನ್ ಡಂಕನ್ ಸ್ಥಾಪಿಸಿದ ಬನಾರಸ್ ಸಂಸ್ಕೃತ ಕಾಲೇಜು, ಎರಡರ ಹಿಂದೆಯೂ ಇಂಥ ಸಲಹೆಗಾರರನ್ನು ತಯಾರು ಮಾಡುವ ಉದ್ದೇಶ ಇತ್ತು. 1793ರಲ್ಲಿ ಕಾರ್ನ್‌ವಾಲಿಸ್ ವಕೀಲರಿಗೂ ಒಂದು ಕಟ್ಟುಪಾಡು ತಂದ. ಮುಂದೆ ಇಂಗ್ಲಿಷ್ ಅನುವಾದಗಳು, ಹಳೆಯ ತೀರ್ಪುಗಳು, ಹೊಸ ಸಂಹಿತೆಗಳು ಕೈಗೆ ಬಂದಮೇಲೆ ಸಾಹೇಬರಿಗೆ ಪಂಡಿತರು ಬೇಡವಾದರು. 1864ರಲ್ಲಿ ಆ ಹುದ್ದೆಗಳನ್ನೇ ತೆಗೆದುಹಾಕಿದರು. ನಮ್ಮಲ್ಲಿ ಕಾನೂನು ಶಿಕ್ಷಣ ಹುಟ್ಟಿದ್ದೇ ಹೀಗೆ, ಆಳುವವರ ಕಚೇರಿಗೆ ಜನ ಬೇಕು ಅಂತ.

ಈಗಿನ ರೀತಿಯ ಲಾ ಕಾಲೇಜಿನ ಬೇರು 1855ರ ಬಾಂಬೆಯಲ್ಲಿದೆ. ಅಲ್ಲಿನ ಸರ್ಕಾರಿ ಲಾ ಕಾಲೇಜು ಶುರುವಾದದ್ದು ಆ ವರ್ಷ. ಎರಡೇ ವರ್ಷದಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸಿನಲ್ಲಿ ವಿಶ್ವವಿದ್ಯಾಲಯಗಳು ಬಂದವು. ಪಾಠ ಮಾಡುವವರು ಬಹುಪಾಲು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವ ವಕೀಲರೇ. ಹಾಗಾಗಿ ಪಾಠ ಕೋರ್ಟು ಕೂರುವ ಮೊದಲು, ಇಲ್ಲವೇ ಕೋರ್ಟು ಎದ್ದ ಮೇಲೆ. ಮೇಷ್ಟ್ರ ಬಿಡುವಿಗೆ ತಕ್ಕ ಹಾಗೆ ಆದ ಈ ವೇಳಾಪಟ್ಟಿ ನೂರು ವರ್ಷಕ್ಕೂ ಹೆಚ್ಚು ಬಾಳಿತು. ಅದರಿಂದ ಒಂದು ಅನುಕೂಲವೂ ಆಯ್ತು. ಹಗಲು ದುಡಿಯಲೇಬೇಕಾದ ಗುಮಾಸ್ತ, ಸ್ಕೂಲ್ ಮೇಷ್ಟ್ರು, ಟೈಪಿಸ್ಟ್ ಕೂಡ ವಕೀಲನಾಗಬಹುದಿತ್ತು.

ಹಣವಿದ್ದವರ ದಾರಿ ಬೇರೆ. ಅವರು ಹಡಗು ಹತ್ತಿ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬರುತ್ತಿದ್ದರು. ಅಲ್ಲಿ ಪರೀಕ್ಷೆಯ ಜೊತೆಗೆ ಇಂತಿಷ್ಟು ಊಟಕ್ಕೆ ಹಾಜರಾಗಬೇಕು ಅಂತಲೂ ನಿಯಮ ಇತ್ತು. ಹೆಂಗಸರಿಗಂತೂ ಈ ಎರಡು ದಾರಿಯೂ ಸುಲಭ ಇರಲಿಲ್ಲ. ಕಾರ್ನೇಲಿಯಾ ಸೊರಾಬ್ಜಿ 1892ರಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಬರೆದರು. ಆ ವಿಶ್ವವಿದ್ಯಾಲಯ ಆಗ ಹೆಂಗಸರಿಗೆ ಪದವಿ ಕೊಡ್ತಿರಲಿಲ್ಲ. ಅವರ ಕೈಗೆ ಪದವಿ ಬಂದದ್ದು 1922ರಲ್ಲಿ, ಮೂವತ್ತು ವರ್ಷದ ಮೇಲೆ! ಹೆಂಗಸು ಅನ್ನೋ ಕಾರಣಕ್ಕೆ ವಕೀಲಿಕೆ ನಿರಾಕರಿಸುವಂತಿಲ್ಲ ಅಂತ ಭಾರತದಲ್ಲಿ ಕಾಯ್ದೆ ಬಂದದ್ದು 1923ರಲ್ಲಿ.

ನಮ್ಮ ಕಡೆಯವರ ಪಾಡು? ಮೈಸೂರು ಸಂಸ್ಥಾನದ ಹುಡುಗರು ಕಾನೂನು ಓದಬೇಕಂದ್ರೆ ಗಂಟುಮೂಟೆ ಕಟ್ಟಿಕೊಂಡು ಹೊರಗೆ ಹೋಗಬೇಕಿತ್ತು. ಎಸ್. ನಿಜಲಿಂಗಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಪುಣೆಗೆ ಹೋಗಿ 1926ರಲ್ಲಿ ಲಾ ಪದವಿ ಪಡೆದರು. ಕೆಂಗಲ್ ಹನುಮಂತಯ್ಯನವರು ಕಾನೂನು ಓದಿದ್ದೂ ಪುಣೆಯಲ್ಲೇ. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. 1939ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿಯವರು ಕಾಲೇಜು ತೆರೆದರು, ಅದೇ ರಾಜಾ ಲಖಮಗೌಡ ಲಾ ಕಾಲೇಜು. ಅಲ್ಲಿ ಓದಿದ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಬೆಂಗಳೂರಿಗೆ ಸರ್ಕಾರಿ ಲಾ ಕಾಲೇಜು ಬಂದದ್ದು ಸ್ವಾತಂತ್ರ್ಯದ ಮಾರನೇ ವರ್ಷ, 1948ರಲ್ಲಿ.

ಆಮೇಲೆ ಕಾಲೇಜುಗಳು ಹೆಚ್ಚಿದವು, ಗುಣಮಟ್ಟ ಇಳಿಯಿತು. ಎಂ.ಸಿ. ಸೆಟಲ್‌ವಾಡ್ ಅಧ್ಯಕ್ಷತೆಯ ಮೊದಲ ಕಾನೂನು ಆಯೋಗ 1958ರ ತನ್ನ ಹದಿನಾಲ್ಕನೇ ವರದಿಯಲ್ಲಿ ಲಾ ಕಾಲೇಜುಗಳನ್ನು ಕಟುವಾಗಿಯೇ ಟೀಕಿಸಿತು. ಅರೆಕಾಲಿಕ ಪಾಠ, ಬಾಯಿಪಾಠದ ಪರೀಕ್ಷೆ, ಬೇರೇನೂ ಸಿಗಲಿಲ್ಲ ಅಂತ ಬಂದು ಸೇರುವ ವಿದ್ಯಾರ್ಥಿಗಳು... ನಮ್ಮ ಸಿನಿಮಾಗಳಲ್ಲಿ ಕೇಸೇ ಇಲ್ಲದೆ ಮರದ ಕೆಳಗೆ ಕೂತ ಕರಿಕೋಟಿನ ವಕೀಲ ತಮಾಷೆಯ ಪಾತ್ರವಾದದ್ದು ಸುಮ್ಮನೆ ಅಲ್ಲ. 1961ರ ವಕೀಲರ ಕಾಯ್ದೆ ಬಂದು ಶಿಕ್ಷಣದ ಮಟ್ಟ ನೋಡಿಕೊಳ್ಳುವ ಹೊಣೆ ಭಾರತೀಯ ವಕೀಲರ ಪರಿಷತ್ತಿಗೆ ಹೋಯ್ತು. ಲಾ ಓದನ್ನು ಪಿಯುಸಿ ಆದ ಮೇಲಿನ ಐದು ವರ್ಷದ ಪೂರ್ಣಾವಧಿ ಕೋರ್ಸ್ ಮಾಡಬೇಕು ಅನ್ನೋ ಯೋಚನೆಗೆ ಎಂಬತ್ತರ ದಶಕದಲ್ಲಿ ಬಲ ಬಂತು. ಎಂಜಿನಿಯರಿಂಗಿಗೆ ಐಐಟಿ ಇದ್ದ ಹಾಗೆ ಕಾನೂನಿಗೂ ಒಂದು ಬೇಕು ಅನ್ನೋ ಆಸೆ.

ಆ ಆಸೆಗೆ ಜಾಗ ಕೊಟ್ಟದ್ದು ಕರ್ನಾಟಕ. 1986ರಲ್ಲಿ ನಮ್ಮ ವಿಧಾನಮಂಡಲ ನ್ಯಾಷನಲ್ ಲಾ ಸ್ಕೂಲ್ ಕಾಯ್ದೆ ಮಾಡಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ್ದ ಕೇರಳದ ಎನ್.ಆರ್. ಮಾಧವ ಮೆನನ್ ಅದನ್ನು ಕಟ್ಟಲು ಬಂದರು. 1988ರ ಜುಲೈನಲ್ಲಿ ತರಗತಿ ಶುರು. ಎಲ್ಲಿ ಗೊತ್ತಾ? ಅದೇ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ! ನಿಜಲಿಂಗಪ್ಪನವರು ಲಾ ಓದಲು ಯಾವ ಜಾಗ ಬಿಟ್ಟು ಪುಣೆಗೆ ಹೋಗಿದ್ದರೋ ಆ ಜಾಗಕ್ಕೇ ದೇಶದ ಮೂಲೆ ಮೂಲೆಯಿಂದ ಮಕ್ಕಳು ಲಾ ಓದಲು ಬಂದರು. ನಾಗರಭಾವಿಯ ಕ್ಯಾಂಪಸ್ಸಿಗೆ ಹೋದದ್ದು ಆಮೇಲೆ.

ಮೆನನ್ ಮಾಡಿದ ಬದಲಾವಣೆ ವೇಳಾಪಟ್ಟಿಯದ್ದಷ್ಟೇ ಅಲ್ಲ. ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರವನ್ನು ಕಾನೂನಿನ ಜೊತೆಗೇ ಕಲಿಸಬೇಕು. ಬಾಡಿಗೆ ನಿಯಂತ್ರಣದ ಕಾಯ್ದೆ ಓದುವವನಿಗೆ ಊರು ಬೆಳೆಯೋದು ಹೇಗೆ ಅಂತಲೂ ಗೊತ್ತಿರಬೇಕು. ವರ್ಷಕ್ಕೆ ಮೂರು ಟರ್ಮ್, ಪ್ರತಿ ವಿಷಯಕ್ಕೂ ಸ್ವಂತ ಸಂಶೋಧನಾ ಬರಹ, ಅಣಕು ನ್ಯಾಯಾಲಯ, ಕಾನೂನು ನೆರವಿನ ಕೆಲಸ. ಪಾಠ ಹೇಳುವವರಿಗೆ ಅದೇ ಪೂರ್ತಿ ಉದ್ಯೋಗ. ಇವತ್ತು ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿವೆ, ಎಲ್ಲಕ್ಕೂ ಬೆಂಗಳೂರೇ ಅಚ್ಚು. ಲಾ ಅಂದ್ರೆ ಕೊನೆಯ ಆಯ್ಕೆ ಅನ್ನೋ ಮಾತು ಹೋಗಿ, ಬುದ್ಧಿವಂತ ಮಕ್ಕಳು ಬೇಕಂತಲೇ ಬರುವ ಕೋರ್ಸ್ ಆಯ್ತು. ಇದು ಸಣ್ಣ ಸಾಧನೆ ಅಲ್ಲ.

ಆದರೆ ಟೈಮಿಂಗ್ ನೋಡಿ. ಮೊದಲ ಬ್ಯಾಚು ಹೊರಬಿದ್ದದ್ದು 1993ರಲ್ಲಿ. ಅದಕ್ಕೆ ಎರಡು ವರ್ಷದ ಹಿಂದೆ ದೇಶದ ಆರ್ಥಿಕತೆ ತೆರೆದುಕೊಂಡಿತ್ತು. ವಿದೇಶಿ ಬಂಡವಾಳ, ವಿಲೀನ, ಒಪ್ಪಂದ, ಇವಕ್ಕೆಲ್ಲ ಚುರುಕಾದ ಲಾಯರ್‌ಗಳು ಬೇಕಾಗಿದ್ದರು. ವಕೀಲಿಕೆಯನ್ನು, ಅದರಲ್ಲೂ ಕೆಳಗಿನ ಕೋರ್ಟುಗಳ ವಕೀಲಿಕೆಯನ್ನು ಎತ್ತಬೇಕು ಅಂತ ಶುರುವಾದ ಶಾಲೆಯ ಬಹಳಷ್ಟು ಪ್ರತಿಭೆ ಕಾರ್ಪೊರೇಟ್ ಫರ್ಮ್‌ಗಳ ಕಡೆ ಹರಿಯಿತು. ಅವರನ್ನು ಬೈಯೋದು ಸುಲಭ. ನಾನಂತೂ ಬೈಯಲ್ಲ, ನಾವು ನೀವು ಸಂಬಳ ನೋಡಿಯೇ ಅಲ್ವಾ ಕಂಪನಿ ಬದಲಾಯಿಸೋದು?

ನನ್ನನ್ನು ಕಾಡೋ ಪ್ರಶ್ನೆ ಬೇರೆ: ಒಳಗೆ ಬರೋವ್ರು ಯಾರು? ಪ್ರವೇಶಕ್ಕೆ 2008ರಿಂದ ಕ್ಲ್ಯಾಟ್ ಅನ್ನೋ ಸಾಮಾನ್ಯ ಪರೀಕ್ಷೆ ಇದೆ. ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗದವರ ಅರ್ಜಿ ಶುಲ್ಕವೇ 4,000 ರೂಪಾಯಿ. ಕೋಚಿಂಗು, ಹಾಸ್ಟೆಲ್ಲು, ಐದು ವರ್ಷದ ಫೀಸು ಆಮೇಲಿನ ಮಾತು. ಪರೀಕ್ಷೆ ನಡೆಯುತ್ತಾ ಬಂದಿರುವುದು ಇಂಗ್ಲಿಷಿನಲ್ಲಿ. ತಮಾಷೆ ಅಂದ್ರೆ, ಲಾ ಮುಗಿಸಿದವರು ವಕೀಲಿಕೆ ಮಾಡಲು ಬರೆಯಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹೊರಗೆ ಹೋಗುವ ಬಾಗಿಲಲ್ಲಿ ಕನ್ನಡ ನಡೆಯುತ್ತೆ, ಒಳಗೆ ಬರುವ ಬಾಗಿಲಲ್ಲಿ ನಡೆಯಲ್ಲ! ಸಾಕ್ಷಿಕಟ್ಟೆಯಲ್ಲಿ ನಿಂತ ನಮ್ಮ ರೈತ ಮಾತಾಡೋದು ಯಾವ ಭಾಷೆಯಲ್ಲಿ?

ಇದನ್ನು ಸರಿಮಾಡಲು ಹೊರಟವರೂ ಇದ್ದಾರೆ. ಇದೇ ಲಾ ಸ್ಕೂಲಿನಲ್ಲಿ ಓದಿದ ಶಮ್ನಾದ್ ಬಶೀರ್ 2010ರಲ್ಲಿ ಐಡಿಯಾ ಅನ್ನೋ ಸಂಸ್ಥೆ ಶುರು ಮಾಡಿದರು. ಹಳ್ಳಿಯ, ಬಡ ಮನೆಯ, ಅಂಗವಿಕಲ ಮಕ್ಕಳನ್ನು ಹುಡುಕಿ, ತರಬೇತಿ ಕೊಟ್ಟು, ಇಂಥ ಕಾಲೇಜುಗಳಿಗೆ ಸೇರಿಸೋದು ಅದರ ಕೆಲಸ. ಬಶೀರ್ 2019ರಲ್ಲಿ ತೀರಿಕೊಂಡರು, ಕೆಲಸ ನಡೀತಾ ಇದೆ. ಸರ್ಕಾರವೂ ಕೈ ಹಾಕಿತು. ಕರ್ನಾಟಕದಲ್ಲಿ ಓದಿದವರಿಗೆ ಲಾ ಸ್ಕೂಲಿನಲ್ಲಿ ಶೇ 25 ಸೀಟು ಅಂತ 2020ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದರು. ಅದೇ ವರ್ಷ ಹೈಕೋರ್ಟು ಅದನ್ನು ರದ್ದುಮಾಡಿತು. ಮುಂದೆ ಶಾಲೆಯೇ ತನ್ನ ಯೋಜನೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಆ ಪಾಲು ಇಟ್ಟುಕೊಂಡಿತು.

ಹಾಗಂತ ಹಳೆಯ ಸಂಜೆ ಕಾಲೇಜೇ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಅಲ್ಲಿ ಬಾಗಿಲು ದೊಡ್ಡದಿತ್ತು, ಒಳಗೆ ಪಾಠ ಕಡಿಮೆ ಇತ್ತು. ನಾಗರಭಾವಿಯಲ್ಲಿ ಪಾಠ ಗಟ್ಟಿಯಾಯ್ತು, ಬಾಗಿಲು ಚಿಕ್ಕದಾಯ್ತು. ಪಿಯುಸಿ ಆದ ಮೇಲೆ ಮೂರೇ ವರ್ಷದ ಲಾ ಕೋರ್ಸ್ ಕೊಡಿ, ಐದು ವರ್ಷ ಬಡವರಿಗೆ ಹೊರೆ ಅಂತ 2024ರಲ್ಲಿ ಒಂದು ಅರ್ಜಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೋರ್ಟು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ನನಗೂ ವರ್ಷ ಕಡಿಮೆ ಮಾಡೋದರಲ್ಲಿ ಪರಿಹಾರ ಕಾಣಿಸಲ್ಲ.

ಈ ದೇಶದ ಬಹುಪಾಲು ವಕೀಲರು ಇವತ್ತಿಗೂ ಓದೋದು ಹೆಸರಾಂತ ಶಾಲೆಗಳಲ್ಲಲ್ಲ. ಜಿಲ್ಲಾ ಕೇಂದ್ರಗಳ ಸಾಧಾರಣ ಲಾ ಕಾಲೇಜುಗಳಲ್ಲಿ. ನಿಮ್ಮೂರಿನ ಜಮೀನಿನ ಕೇಸು, ನಿಮ್ಮಮ್ಮನ ಪಾಲಿನ ಕೇಸು ನಡೆಸೋದು ಅಲ್ಲಿಂದ ಬಂದವರೇ. ಮೆನನ್ 1988ರಲ್ಲಿ ಸೆಂಟ್ರಲ್ ಕಾಲೇಜಿನ ಕೋಣೆಗಳಲ್ಲಿ ಶುರು ಮಾಡಿದ ಪಾಠ ಹಾವೇರಿಗೂ ರಾಯಚೂರಿಗೂ, ಅದೂ ಕನ್ನಡದಲ್ಲಿ ತಲುಪುವವರೆಗೂ ಆ ಪ್ರಯೋಗ ಅರ್ಧವೇ.