ಬೀಜದ ಕಣ್ಣಲ್ಲೊಂದು ಗಂಟು

ಶಹಾಬಾದಿನ ಪರ್ಸಿ ಕಲ್ಲಿನ ಗಣಿಗಳನ್ನು ಹಿಂದೆ ಹಾಕಿ, ವಾಡಿಯಲ್ಲಿ ಸಿಕಂದರಾಬಾದಿನ ಹಳಿಗೆ ಹೊರಳಿದ ರೈಲು ಚಿತ್ತಾಪುರ, ಸೇಡಂ ದಾಟುವವರೆಗೂ ಸುಗ್ಗಿಗೆ ಮುಂಚೆ ಎತ್ತ ನೋಡಿದರೂ ತೊಗರಿಯೇ. ನಿಜಾಮರ ಕಾಲದಲ್ಲಿ, 1874ರಲ್ಲಿ ಬಿದ್ದ ಹಳಿಯಿದು. ಮುಂದೆ ಲಿಂಗಂಪಲ್ಲಿಯಲ್ಲಿ ಇಳಿದರೆ ಪಟಾನ್‌ಚೆರು ಹತ್ತಿರ. ತೊಗರಿಯ ಕಾಡು ನೆಂಟರ ಹೆಸರು ಬದಲಾದ ಕಥೆಯ ಬಹುಪಾಲು ಅಲ್ಲಿನ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಗೆ ಸೇರಿದ್ದು.

ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1753ರಲ್ಲಿ ತೊಗರಿಯನ್ನು ಸೈಟಿಸಸ್ ಕಜಾನ್ ಎಂದು ಕರೆದ. 1813ರಲ್ಲಿ ಡಿ ಕಾಂಡೋಲ್ ಅದಕ್ಕೆ ಕಜಾನಸ್ ಎಂಬ ಸ್ವಂತ ಕುಲ ಕೊಟ್ಟ. ಆದರೆ ಹೂವಿನ ಬಣ್ಣ ನೋಡಿ ಒಂದೇ ಬೆಳೆಯನ್ನು ಎರಡು ಪ್ರಭೇದ ಮಾಡಿಟ್ಟ: ಹಳದಿಯದು ಫ್ಲೇವಸ್, ಎರಡು ಬಣ್ಣದ್ದು ಬೈಕಲರ್. ಸೇಡಂನ ರೈತ ಕೇಳಿದ್ದರೆ ನಕ್ಕುಬಿಡುತ್ತಿದ್ದ. ಅಂದಹಾಗೆ, ‘ಕಜಾನ್’ ಮೂಲತಃ ಮಲಯ ಭಾಷೆಯಲ್ಲಿ ಕಾಳುಗಳಿಗಿರುವ ಹೆಸರು. ತೊಗರಿ ಉಂಡು ಬೆಳೆದ ನಾಡಿನ ಮಾತಿಗೆ ಅಲ್ಲಿ ಜಾಗ ಸಿಗಲಿಲ್ಲ.

ಕಾಡು ನೆಂಟರನ್ನು ವೈಟ್ ಮತ್ತು ಆರ್ನಾಟ್ 1834ರಲ್ಲಿ ಅಟೈಲೋಸಿಯಾ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಎರಡನ್ನೂ ಬೇರ್ಪಡಿಸಲು ಸಸ್ಯಶಾಸ್ತ್ರಜ್ಞರು ಮುಖ್ಯವಾಗಿ ಹಿಡಿದ ಗುರುತು ಬೀಜದ ಕಣ್ಣಿನ ಬಳಿಯ ಒಂದು ಸಣ್ಣ ಗಂಟು. ಕಾಡಿನದರಲ್ಲಿ ಅದು ಎದ್ದು ಕಾಣುತ್ತದೆ, ಹೊಲದ ತೊಗರಿಯಲ್ಲಿ ಇಲ್ಲ. ಇಷ್ಟೇ ಬೇಲಿ!

ಆ ಬೇಲಿಯೂ ಗಟ್ಟಿಯಿರಲಿಲ್ಲ. ಕೆಲವು ನಾಟಿ ತೊಗರಿಗಳಲ್ಲಿ ಗಂಟಿನ ಕುರುಹು ಉಳಿದಿತ್ತು. ಎರಡು ಕಡೆಯೂ ವರ್ಣತಂತುಗಳು 22. ಕಾಡಿನದಕ್ಕೂ ಹೊಲದ್ದಕ್ಕೂ ಕ್ರಾಸ್ ಮಾಡಿದರೆ ಕಾಯಿ ಕಟ್ಟುತ್ತದೆಂದು 1950ರ ದಶಕದಲ್ಲೇ ಭಾರತದ ಸಂಶೋಧಕರು ತೋರಿಸಿದ್ದರು. ಇಕ್ರಿಸ್ಯಾಟ್‌ನಲ್ಲಿ ದುಡಿದಿದ್ದ ನೆದರ್ಲೆಂಡ್ಸಿನ ವ್ಯಾನ್ ಡರ್ ಮೇಸನ್ 1986ರಲ್ಲಿ ಅಟೈಲೋಸಿಯಾವನ್ನು ಇಡಿಯಾಗಿ ಕಜಾನಸ್‌ಗೆ ಸೇರಿಸಿದರು. ಕೂಡಿದ ಮನೆಯಲ್ಲಿ 32 ಪ್ರಭೇದಗಳಾದವು. ನಾಮಕರಣದಲ್ಲಿ ಹಿರಿತನಕ್ಕೆ ಬೆಲೆ. 1813ರ ಹೆಸರು ಉಳಿಯಿತು, 1834ರದು ಹೋಯಿತು.

ಹೊಲದವರಿಗೆ ಇದರಿಂದೇನು? ಕಾಡು ನೆಂಟರ ಗುಣ ಹೊಲಕ್ಕೂ ಬರಬಹುದೆಂಬ ಆಸೆ. 1990ರ ದಶಕದ ಕೊನೆಗೆ ಕಲಬುರಗಿ ಜಿಲ್ಲೆಯಲ್ಲಿ ಕಾಯಿಕೊರಕ ಔಷಧಕ್ಕೆ ಬಗ್ಗದೆ ಹೋದಾಗ ರೈತರು ಗಿಡದ ಬುಡಕ್ಕೆ ಹಾಳೆ ಹಿಡಿದು, ಗಿಡ ಅಲುಗಿಸಿ ಹುಳು ಉದುರಿಸಿದರು. ಕಜಾನಸ್ ಸ್ಕ್ಯಾರಬಿಯಾಯ್ಡಿಸ್ ಎಂಬ ಹಬ್ಬುವ ಕಾಡು ತೊಗರಿಗೆ ಆ ಕಷ್ಟವಿಲ್ಲ. ಕಾಯಿ ಮೇಲಿನ ದಟ್ಟ ರೋಮವೇ ಮರಿಹುಳುವನ್ನು ತಡೆಯುತ್ತದೆ. ಅದರ ಹೆಸರಿನ ಅರ್ಥ ‘ಜೀರುಂಡೆಯಂಥದು’! ಇನ್ನು ತೊಗರಿಗೆ ತೀರ ಹತ್ತಿರದ ಕಜಾನಿಫೋಲಿಯಸ್ ಒಡಿಶಾ, ಬಸ್ತರ್ ಕಡೆಯದು. ಅದರಿಂದ ಪರಾಗವಿಲ್ಲದ ಹೆಣ್ಣು ಸಾಲು ಪಡೆದೇ ಐಸಿಪಿಎಚ್ 2671 ಎಂಬ ಹೈಬ್ರಿಡ್ ತೊಗರಿ ತಯಾರಾಯಿತು.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು, ಅದೂ ಒಂದು ನಾಮಕರಣವೇ. ಒಣಸಸ್ಯಾಲಯಗಳಲ್ಲಿ ಮಾತ್ರ ಹಳೆಯ ಚೀಟಿ ಕೀಳುವ ಪದ್ಧತಿಯಿಲ್ಲ. ‘ಅಟೈಲೋಸಿಯಾ’ ಎಂದು ಬರೆದದ್ದು ಅಲ್ಲೇ ಇರುತ್ತದೆ; ‘ಕಜಾನಸ್’ ಎಂಬ ಹೊಸ ಚೀಟಿ ಅದರ ಪಕ್ಕಕ್ಕೆ ಅಂಟುತ್ತದೆ.