ಸೈನೈಡ್ ದಿಬ್ಬದ ಕೆಳಗೆ ಯಾರಿದ್ದಾರೆ?

ಸ್ವಲ್ಪ ಉದ್ದದ ಪೋಸ್ಟು, ಪೂರ್ತಿ ಓದಿ.

ನಮ್ಮ ನಂಗಲಿ ಹೊಯ್ಸಳರ ಶಾಸನಗಳಲ್ಲಿದೆ. ವಿಷ್ಣುವರ್ಧನನ ರಾಜ್ಯಕ್ಕೆ ಮೂಡಣ ಗಡಿ ಅಂತ. ರಾಜರ ಗಡಿ ಕಲ್ಲಿನ ಮೇಲೆ ಉಳೀತು. ಇಲ್ಲೇ ಪಕ್ಕದ ಕೆಜಿಎಫ್ ಮಿಲ್ಲುಗಳಲ್ಲಿ ಕಲ್ಲು ಪುಡಿ ಮಾಡಿದೋರ ಹೆಸರು ಯಾವ ಕಲ್ಲಲ್ಲೂ ಇಲ್ಲ. ಸಿನಿಮಾ ನೋಡಿ ಕೆಜಿಎಫ್ ಗೊತ್ತು ಅನ್ನೋ ಹುಡುಗರಿಗಾಗಿ ಇದನ್ನ ಬರೀತಿದೀನಿ.

ಲ್ಯಾವೆಲ್ ಅನ್ನೋನು ಮೈಸೂರು ಸರ್ಕಾರದಿಂದ ಪರವಾನಗಿ ತಗೊಂಡಿದ್ದು 1875ರಲ್ಲಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಕೆಲಸಕ್ಕೆ ಬಂದೋರು ಯಾರು? ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬರ ಮತ್ತು ಜಮೀನ್ದಾರರಿಂದ ತಪ್ಪಿಸಿಕೊಂಡು ಬಂದ ಹೊಲೆಗೇರಿಯ ಜನ. ಬಹುಪಾಲು ನಮ್ಮೋರೇ.

ಮಿಲ್ಲಿನ ಕೆಲಸ ಹೇಳ್ತೀನಿ. ಅದಿರನ್ನ ಸ್ಟಾಂಪು ಅನ್ನೋ ಭಾರದ ಕಬ್ಬಿಣದ ಒನಕೆಗಳ ಕೆಳಗೆ ಹಾಕ್ತಿದ್ರು. ಒಂದೊಂದೂ ಎದ್ದು ಬೀಳ್ತಾ ಹಗಲು ರಾತ್ರಿ ಕುಟ್ಟೋದು. ನೀರಿನ ಜೊತೆ ಬಂದ ರಾಡಿಯನ್ನ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸೋದು. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತೆ. ಅದನ್ನ ಕೆರೆದು ಕಾಸಿದರೆ ಪಾದರಸ ಹಾರಿಹೋಗಿ ಚಿನ್ನ ಉಳಿಯುತ್ತೆ. ಅಂಟದೆ ಹೋದ ಚಿನ್ನಕ್ಕೆ ಸೈನೈಡ್ ತೊಟ್ಟಿ. ಆಮೇಲೆ ಸತುವಿನಿಂದ ಅದನ್ನ ಹಿಡಿಯೋದು. ಚಿನ್ನ ಇಂಗ್ಲೆಂಡಿಗೆ, ರಾಯಧನ ಮೈಸೂರಿಗೆ, ಉಳಿದ ಬೂದಿ ನಮ್ಮ ಲೈನ್‌ಮನೆಗಳ ಪಕ್ಕಕ್ಕೆ.

1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದರು. ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಇದನ್ನ ಹೆಮ್ಮೆಯಿಂದ ಹೇಳೋರು ತುಂಬಾ ಜನ. ಆ ಕರೆಂಟು ಬಂದಿದ್ದು ಮಿಲ್ಲಿಗೆ, ಬಂಗಲೆಗೆ. ಕೂಲಿಗಳ ಲೈನಿನಲ್ಲಿ ಇದ್ದದ್ದು ಬಿದಿರು ತಟ್ಟಿಯ ಗುಡಿಸಲು.

ನಮ್ಮೋರು ಸುಮ್ಮನೆ ಕೂತಿರಲಿಲ್ಲ. ಅಯೋತಿ ದಾಸ ಪಂಡಿತರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಅವರು ತೀರಿಕೊಂಡ ಮೇಲೆ ಅವರ 'ತಮಿಳನ್' ಪತ್ರಿಕೆ ಕೆಲವು ವರ್ಷ ಕೆಜಿಎಫ್‌ನಿಂದಲೇ ಹೊರಟಿತು. 1930ರಲ್ಲಿ ಬೆರಳಚ್ಚು ಕೊಡಿ ಅಂದಾಗ, ನಾವೇನು ಕಳ್ಳರಾ ಅಂತ ಸಾವಿರಾರು ಜನ ಮುಷ್ಕರ ಹೂಡಿದರು. 1954ರಲ್ಲಿ ಬಾಬಾಸಾಹೇಬರೇ ಇಲ್ಲಿಗೆ ಬಂದಿದ್ರು. ನಮ್ಮ ಕನ್ನಡದ ದಲಿತ ಚಳವಳಿಯ ಚರಿತ್ರೆ ಬರೆಯೋರು ಇದನ್ನ ತಮಿಳರ ವಿಷಯ ಅಂತ ಪಕ್ಕಕ್ಕಿಟ್ಟಿದ್ದು ನಂಗೆ ಇವತ್ತಿಗೂ ಕೋಪ.

ದೇಹದ ಲೆಕ್ಕವನ್ನೂ ನೋಡಿ. ನಲವತ್ತರ ದಶಕದಲ್ಲಿ 7,653 ಕಾರ್ಮಿಕರನ್ನ ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗೋ ಕಾಯಿಲೆ. ವಾಸಿಯಾಗಲ್ಲ.

1956ರಲ್ಲಿ ಗಣಿ ರಾಜ್ಯ ಸರ್ಕಾರದ್ದಾಯ್ತು, 1962ರಲ್ಲಿ ಕೇಂದ್ರದ್ದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಅದಿರಲ್ಲಿ ಚಿನ್ನ ಕಮ್ಮಿಯಾಯ್ತು, ಖರ್ಚು ಏರಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು. ಪಂಪು ನಿಂತಿತು, ಸುರಂಗಗಳಲ್ಲಿ ನೀರು ತುಂಬಿತು. ಮಕ್ಕಳು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರು. ಇವತ್ತೂ ಆ ರೈಲು ತುಂಬಿಯೇ ಹೋಗುತ್ತೆ.

ಗಣಿ ಮುಚ್ಚಿದರೂ ಕಾಲೋನಿಯ ಒಣ ಪಾಯಖಾನೆಗಳು ಮುಚ್ಚಲಿಲ್ಲ. 2011ರಲ್ಲಿ ಮಲದ ಗುಂಡಿಗಿಳಿದು ಮೂವರು ಸತ್ತರು. ಯಾವ ಜಾತಿ ಅಂತ ಕೇಳಬೇಕಾ?

ಈಗ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ, 1,003 ಎಕರೆಯ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯೋಕೆ ಒಪ್ಪಿಗೆ ಕೊಟ್ಟಿದೆ. ಬೇಸಿಗೆ ಗಾಳಿಗೆ ಆ ಬೂದಿ ಹಾರಿ ಮನೆಯೊಳಗೆ ಬರೋದು, ಅನ್ನದ ತಟ್ಟೆ ಮೇಲೆ ಕೂರೋದು ಅಲ್ಲಿನ ಜನಕ್ಕೆ ಗೊತ್ತು. ಅಗೆಯೋಕೆ ಶುರು ಮಾಡಿದರೆ ಧೂಳು ಯಾರ ಎದೆಗೆ, ಚಿನ್ನದಲ್ಲಿ ಪಾಲು ಯಾರಿಗೆ? ಟೆಂಡರ್ ಕರೆಯೋ ಮುಂಚೆ ಲೈನ್‌ಮನೆಗಳಲ್ಲಿ ಸಭೆ ಕರೀರಿ ಅಂತ ಕೇಳ್ತಿದೀವಿ. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಸಂಗಾತಿಗಳು ಜೊತೆಗೆ ಬನ್ನಿ. ಹಳೇ ಕಾರ್ಮಿಕರ ಚಿತ್ರ, ಗುರುತಿನ ಚೀಟಿ ಯಾರ ಮನೇಲಾದ್ರೂ ಇದ್ರೆ ಎಸೀಬೇಡಿ, ಫೋಟೊ ತೆಗೆದು ಕಳಿಸಿ.